ಜೀವ ಇರುವ ಪೌಡರ್

ಜನವರಿ 6, ಸೋಮವಾರ

ಬೆಳಿಗ್ಗೆ ಹೋದ ಕೂಡಲೇ ಬ್ಯಾಕ್ಟೀರಿಯ ಬೆಳೆಸುವ ಮೀಡಿಯಾ ಸುರಿಯುವ ಕೆಲಸ. ಪ್ಲೇಟ್‌ಗಳ ರಾಶಿ. ಸೊಂಟ ಹಿಡಿದಿದೆ. ಕ್ರಿಮಿ ಕೊಲ್ಲುವ ಆಟೋಕ್ಲೇವ್ ಮತ್ತೆ ಎಲ್ಲಿಂದಲೋ ಹಬೆ ಬಿಡುತ್ತಿದೆ, ಇಡೀ ಲ್ಯಾಬಿನಲ್ಲಿ ಕಿವಿ ಇರುವುದು ನನಗೊಬ್ಬಳಿಗೇ ಅಂತ ಕಾಣುತ್ತದೆ.

ರೂಬನ್ ಜೊತೆ ಮಾಮೂಲಿ ಜಟಾಪಟಿ. ಒಂದೇ ಮಗುವಿನ ಒಂದೇ ಸ್ಯಾಂಪಲ್, ಅರ್ಧ ನನಗೆ ಅರ್ಧ ಅವನಿಗೆ. ನಾನು ಪ್ಲೇಟಿನ ಮೇಲೆ ಹರಡಿ, ಆಮ್ಲಜನಕ ಇಲ್ಲದ ಜಾರ್‌ನಲ್ಲಿ ಮುಚ್ಚಿಟ್ಟು, ಮೂರು ದಿನ ಕಾದು, ಎದ್ದ ಚುಕ್ಕೆಗಳನ್ನು ಒಂದೊಂದೇ ಎಣಿಸುವವಳು. ಅವನು ಪಿಸಿಆರ್ ಮೆಷಿನ್‌ಗೆ ಹಾಕಿ ಚಾ ಕುಡಿದು ಬರುವವನು. ಅವನ ಮೆಷಿನ್ ಡಿಎನ್‌ಎ ಎಣಿಸುತ್ತದೆ. ಬ್ಯಾಕ್ಟೀರಿಯ ಬದುಕಿದೆಯೋ ಸತ್ತಿದೆಯೋ ಅದಕ್ಕೆ ಬೇಡ. ನನ್ನ ಪ್ಲೇಟಿನಲ್ಲಿ ಬದುಕಿದ್ದು ಮಾತ್ರ ಬೆಳೆಯುತ್ತದೆ. ಹಾಗಾಗಿ ಅವನ ನಂಬರ್ ಯಾವಾಗಲೂ ದೊಡ್ಡದು. ಅದಕ್ಕೆ ಅವನ ಜಂಬ ನೋಡಬೇಕು.

ನಮ್ಮ ಜಗಳ ವಿನಿಫ್ರೆಡ್ ಮೇಡಂಗೆ ಇಷ್ಟ. ಪ್ರಾಜೆಕ್ಟ್ ಅವರದ್ದು — ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಒಳ್ಳೆಯ ಬ್ಯಾಕ್ಟೀರಿಯದ ಪೌಡರ್ ಕೊಡುತ್ತಾರೆ, ಅದರಲ್ಲಿ ಹೊಟ್ಟೆಯಲ್ಲಿ ಎಷ್ಟು ಉಳಿಯಿತು ಅಂತ ಅಳೆಯಲು ಯಾವ ಮೆಥಡ್ ನಂಬಬಹುದು? ಇಬ್ಬರ ನಂಬರೂ ಒಂದೇ ಬಂದರೆ ನಮ್ಮ ಪೇಪರ್ ಓದುವವರು ಯಾರು ಅಂತಾರೆ ಮೇಡಂ.

ಪಡೀಲ್ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಬಾಗಿಲಲ್ಲೇ ತೃಷಾ, ಅಕ್ಕಾ ಕೈ ತೊಳೆದೆಯಾ ಅಂತ. ದಿನಾ ಇದೇ ಕುಶಾಲು. ಗಂಡ ದೀಕ್ಷಿತ್ ದುಬೈಯಲ್ಲಿ, ಹಾಗಾಗಿ ಬಸುರಿಯಾದ ಮೇಲೆ ಅವಳು ಇಲ್ಲೇ. ಅಮ್ಮನಂತೂ ನನ್ನ ಕೆಲಸ ಏನೆಂದು ಯಾರಿಗೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಂಬಂಧ ತಂದವರಿಗೆಲ್ಲ "ಬ್ಲಡ್ ಟೆಸ್ಟ್" ಅಂತಾಳೆ. ಮಕ್ಕಳ ಕಕ್ಕ ಅಂದರೆ ಗಂಡು ಬಸ್ ಹತ್ತಿ ಓಡಿಹೋಗುತ್ತದೆ ಅಂತ ಅವಳ ಹೆದರಿಕೆ.

ಜನವರಿ 8, ಬುಧವಾರ

ಮಧ್ಯಾಹ್ನ ತೃಷಾಳಿಗೆ ನೋವು. ಏಳು ತಿಂಗಳು ಈಗಷ್ಟೇ ತುಂಬಿದ್ದು. ಫೋನಿನಲ್ಲಿ ಅಮ್ಮ ಏನು ಹೇಳಿದಳೋ, ರಿಕ್ಷಾದ ಶಬ್ದದಲ್ಲಿ ಒಂದೂ ಕೇಳಲಿಲ್ಲ. ಲ್ಯಾಬ್ ಕೋಟ್‌ನಲ್ಲೇ ಕೆಳಗಿನ ಹೆರಿಗೆ ವಾರ್ಡಿಗೆ ಓಡಿದೆ.

ಹೆಣ್ಣು. ಒಂದೂಕಾಲು ಕೆ.ಜಿ. ಅಳಲಿಲ್ಲ — ಸಣ್ಣ ಒಂದು ಸದ್ದು, ಅಷ್ಟೆ. ಒಯ್ದುಬಿಟ್ಟರು. ನಾನು ದಿನಾ ಸ್ಯಾಂಪಲ್ ತರಲು ಹೋಗುವ ಅದೇ ಎನ್‌ಐಸಿಯು. ಅದೇ ಗಾಜಿನ ಪೆಟ್ಟಿಗೆಗಳು. ಇಷ್ಟು ದಿನ ಅಲ್ಲಿ ಮಕ್ಕಳಿವೆ ಅಂತ ನನಗೆ ಸರಿಯಾಗಿ ಕಂಡೇ ಇರಲಿಲ್ಲವೇನೋ. ಹೆದರಿಕೆಯಾಗುತ್ತಿದೆ.

ಜನವರಿ 11, ಶನಿವಾರ

ತೃಷಾಳ ಬಾಲೆ ಪ್ರಾಜೆಕ್ಟಿಗೆ ಸೇರಿದಳು. ಸೇರಿಸುವುದಾ ಬೇಡವಾ ಅಂತ ತೃಷಾ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ, ಅವಳು ಸಹಿ ಹಾಕಿದಳು. ಅಷ್ಟೇ ನಡೆದದ್ದು.

ಮೇಡಂ ನನ್ನನ್ನು ಬೇರೆ ಕರೆದು ಹೇಳಿದರು. ಇನ್ನು ಮೇಲೆ ಸ್ಯಾಂಪಲ್ ತರಲು ನಾನು ಮೇಲೆ ಹೋಗಬಾರದು. ಮಕ್ಕಳಿಗೆಲ್ಲ ಕೋಡ್ ನಂಬರ್, ನಮ್ಮ ಬಾಲೆಯ ನಂಬರ್ ಯಾವುದೆಂದು ನಾನು ತಿಳಿಯಲು ಪ್ರಯತ್ನಿಸಬಾರದು. ಒಪ್ಪಿದೆ. ಒಪ್ಪದೆ ಏನು ಮಾಡಲಿ.

ಸಂಜೆ ಅಮ್ಮ ಕೇಳಿದಳು, ಆ ಪೌಡರ್‌ನಲ್ಲಿ ಎಂತ ಉಂಟು ಅಂತ. ಮೊದಲ ಸಲ ಅಮ್ಮ ನನ್ನ ಕೆಲಸದ ಬಗ್ಗೆ ಕೇಳಿದ್ದು. ನನಗೋ ಹುರುಪು. ಒಂದೊಂದು ಪ್ಯಾಕೆಟ್‌ನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯ, ಎಲ್ಲ ಒಳ್ಳೆಯವು, ಕೆಟ್ಟದ್ದಕ್ಕೆ ಹೊಟ್ಟೆಯಲ್ಲಿ ಜಾಗ ಕೊಡುವುದಿಲ್ಲ ಅಂತೆಲ್ಲ ಪಾಠ ಮಾಡಿದೆ.

"ಅದಕ್ಕೆ ಜೀವ ಉಂಟಾ?" ಅಂದಳು.

ಜೀವ ಉಂಟು ಅಂದೆ. ಜೀವ ಇದ್ದರೇ ಉಪಯೋಗ ಅಂತಲೂ ಹೇಳಿದೆ. ಅಮ್ಮ ಮತ್ತೆ ಏನೂ ಕೇಳಲಿಲ್ಲ. ಅರ್ಥವಾಯಿತು ಅಂತ ಕಾಣುತ್ತದೆ.

ಜನವರಿ 30, ಗುರುವಾರ

ಎಲ್ಲ ಪ್ಲೇಟೂ ಚೆನ್ನಾಗಿ ಬರುತ್ತಿವೆ. ಎನ್‌ಐಸಿಯುನಲ್ಲಿ ಪೌಡರ್ ಕೊಡುವುದು ಸಿಸ್ಟರ್‌ಗಳೇ, ತಾಯಿಯ ಹಾಲಿನಲ್ಲಿ ಕಲಸಿ. ಹಾಗಾಗಿ ತಪ್ಪುವ ಮಾತೇ ಇಲ್ಲ. ಬಿಳಿ ಬಿಳಿ ಚುಕ್ಕೆ. ಎಣಿಸುತ್ತಾ ಎಣಿಸುತ್ತಾ ಕೈ ನಿಲ್ಲುತ್ತದೆ... ಇದು ಬಾಲೆಯದ್ದಾ? ಇದಾ? ಮದುವೆ ಮನೆಯ ಗುಂಪು ಫೋಟೋದಲ್ಲಿ ನಮ್ಮವರನ್ನು ಹುಡುಕುವ ಹಾಗೆ ಹುಡುಕುತ್ತೇನೆ.

ಮೇಡಂ ಹಿಂದೆಯೇ ನಿಂತಿದ್ದರು. ನಾನೇ ಪೆನ್ ಎತ್ತಿ ಎಣಿಸಲು ಶುರು ಮಾಡಿದೆ. ಬಾಲೆಯ ತೂಕ ಏರುತ್ತಿದೆಯಂತೆ. ಇವತ್ತು ತೃಷಾ ಎದೆಗವಚಿ ಹಿಡಿದುಕೊಂಡಳಂತೆ.

ಫೆಬ್ರವರಿ 21, ಶುಕ್ರವಾರ

ಬಾಲೆ ಮನೆಗೆ ಬಂದಳು.

ಅಮ್ಮನ ದರ್ಬಾರು ಶುರು. ಬಾಣಂತಿ ಕೋಣೆಗೆ ಯಾರೂ ಹೋಗುವ ಹಾಗಿಲ್ಲ. ಪಕ್ಕದ ಮನೆಯವರು ಅಂಗಳದಿಂದಲೇ ವಿಚಾರಿಸಿಕೊಂಡು ವಾಪಸ್. ನಾನಂತೂ ಅವಳ ಲೆಕ್ಕದಲ್ಲಿ ಕ್ರಿಮಿಗಳ ಏಜೆಂಟ್. ಲ್ಯಾಬಿನಿಂದ ಬಂದರೆ ಹಿಂದಿನ ಬಾಗಿಲು, ಬಟ್ಟೆ ಹೊರಗಿನ ಬಾಲ್ದಿಗೆ, ತಲೆಗೆ ಸ್ನಾನ, ಆಮೇಲೆ ಹೊಸ್ತಿಲ ಹತ್ತಿರ ನಿಂತು ನೋಡಬಹುದು. ಎತ್ತಿಕೊಳ್ಳುವುದು ಬೇಡ. ಮೇಡಂಗಿಂತ ಅಮ್ಮನ ಪ್ರೊಟೊಕಾಲ್ ಕಠಿಣ ಅಂದೆ. ತೃಷಾ ನಕ್ಕಳು, ಅಮ್ಮ ನಗಲಿಲ್ಲ.

ಪೌಡರ್ ಇನ್ನು ಮನೆಯಲ್ಲೇ ಕೊಡಬೇಕು. ಬೆಳಿಗ್ಗೆ ಅಮ್ಮ ಕೊಡುವುದೆಂದು ತೀರ್ಮಾನ. ವಾರಕ್ಕೊಮ್ಮೆ ಸ್ಯಾಂಪಲ್ ಒಯ್ಯಲು ಆಸ್ಪತ್ರೆಯಿಂದ ಸ್ಕೂಟರಿನಲ್ಲಿ ಜನ ಬರುತ್ತಾರೆ, ನಾನು ಮುಟ್ಟುವ ಹಾಗಿಲ್ಲ. ಒಂದೇ ಮನೆಯಿಂದ ಒಂದೇ ಲ್ಯಾಬಿಗೆ ನಾನು ಬಸ್ಸಿನಲ್ಲಿ, ಅದು ಸ್ಕೂಟರಿನಲ್ಲಿ.

ಮಾರ್ಚ್ 6, ಗುರುವಾರ

ಕೋಡ್ ಹದಿನಾಲ್ಕು. ಪ್ಲೇಟ್ ಖಾಲಿ.

ಕಡಿಮೆ ಅಲ್ಲ, ಖಾಲಿ. ಒಂದು ಚುಕ್ಕೆಯೂ ಇಲ್ಲ. ಮನೆಗೆ ಹೋದ ಮಕ್ಕಳದ್ದು ಸ್ವಲ್ಪ ಇಳಿಯುತ್ತದೆ, ನೋಡಿದ್ದೇನೆ. ಹೀಗೆ ಬೋಳಾಗುವುದಿಲ್ಲ. ಅದೇ ಸ್ಯಾಂಪಲ್ ರೂಬನ್‌ನ ಮೆಷಿನ್‌ನಲ್ಲಿ ಎಲ್ಲರಿಗಿಂತ ಹೆಚ್ಚು.

ನಿನ್ನ ಜಾರ್ ಲೀಕ್ ಅಂದ ಅವನು. ನಿನ್ನ ಮೆಷಿನ್ ಹೆಣ ಎಣಿಸುತ್ತದೆ ಅಂದೆ ನಾನು. ಮೇಡಂ ಮಾತ್ರ ಖುಷಿ. ಎರಡು ಮೆಥಡ್ ನಡುವೆ ಇಷ್ಟು ವ್ಯತ್ಯಾಸ ತೋರಿಸುವ ಕೇಸ್ ಹುಡುಕಿದರೂ ಸಿಗುವುದಿಲ್ಲ ಅಂದರು. ನನಗೂ ಒಳಗೊಳಗೆ ಖುಷಿಯೇ ಆಯಿತು.

ಬಸ್ಸಿನಲ್ಲಿ ಕೂತ ಮೇಲೆ ಖುಷಿ ಇಳಿಯಿತು. ಹದಿನಾಲ್ಕು ಅಂದರೆ ಯಾರದೋ ಮಗು.

ಮಾರ್ಚ್ 13, ಗುರುವಾರ

ಹದಿನಾಲ್ಕು ಮತ್ತೆ ಖಾಲಿ. ಹೊಸ ಜಾರ್, ಆಮ್ಲಜನಕ ಹೀರುವ ಗ್ಯಾಸ್‌ಪ್ಯಾಕ್ ಕೂಡ ಹೊಸದು. ಹೋಲಿಸಿ ನೋಡಲು ಪಕ್ಕದಲ್ಲೇ ಇಟ್ಟ ಕಂಟ್ರೋಲ್ ಪ್ಲೇಟ್‌ನಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಜಾರ್ ಲೀಕ್ ಅಲ್ಲ.

ರೂಬನ್ ತಾನಾಗಿ ಬಂದ. ಅವನ ಹತ್ತಿರ ಒಂದು ಡೈ ಉಂಟು, ಸತ್ತ ಬ್ಯಾಕ್ಟೀರಿಯದ ಡಿಎನ್‌ಎ ಮೆಷಿನ್‌ಗೆ ಕಾಣದ ಹಾಗೆ ಮಾಡುವಂಥದ್ದು. ಹಾಕಿ ನೋಡಿದ್ದಾನೆ. ಆಕಾಶದಲ್ಲಿದ್ದ ನಂಬರ್ ನೆಲಕ್ಕೆ. "ನೀನು ಹೇಳಿದ್ದೇ ಸರಿ ಮಾರಾಯ್ತಿ," ಅಂದ. "ಎಲ್ಲ ಸತ್ತದ್ದೇ." ವರ್ಷದಿಂದ ಈ ಮಾತಿಗೆ ಕಾದಿದ್ದೆ. ಈಗ ಬೇಡವಾಗಿತ್ತು.

ಅಂದರೆ ಪೌಡರ್ ಕೊಡುತ್ತಿದ್ದಾರೆ, ಆದರೆ ಹೊಟ್ಟೆಗೆ ಹೋಗುವ ಮೊದಲೇ ಎಲ್ಲೋ ಸಾಯುತ್ತಿದೆ. ಯಾರ ಮನೆ ಅಂತ ನೋಡಿ ಹೇಳಬಹುದಲ್ಲ ಅಂದೆ. ಮಧ್ಯದಲ್ಲಿ ಕೋಡ್ ಬಿಚ್ಚುವ ಹಾಗಿಲ್ಲ, ಎಥಿಕ್ಸ್ ಕಮಿಟಿಗೆ ಬರೆಯಬೇಕು ಅಂದರು ಮೇಡಂ. ಅದೂ ಅಲ್ಲದೆ — "ನಿನ್ನ ಪ್ಲೇಟನ್ನು ನಂಬಬಹುದಾ ಅಂತ ನೋಡಲಿಕ್ಕೇ ಈ ಸ್ಟಡಿ ಮಾಡ್ತಿರುವುದು, ಹೇಮಾಕ್ಷಿ. ಅದು ಮುಗಿಯುವ ಮೊದಲು ಅದನ್ನೇ ನಂಬಿ ಒಂದು ಮನೆಯ ಬಾಗಿಲು ತಟ್ಟುವುದು ಹೇಗೆ?" ಅಂದರು.

ಸರಿಯೇ ಅವರ ಮಾತು. ಅದೇ ಕಷ್ಟ. ಎಲ್ಲ ಮನೆಗಳಿಗೂ ಫೋನ್ ಮಾಡಿಸುತ್ತೇನೆ ಅಂದರು, ಬಿಸಿಯಲ್ಲಿ ಕಲಸಬೇಡಿ ಅಂತ ನೆನಪಿಸಲು. ಅಷ್ಟಾದರೂ ಆಯಿತು.

ಮಾರ್ಚ್ 14, ಶುಕ್ರವಾರ

ಸಿಸ್ಟರ್ ಎಲ್ಲರಿಗೂ ಫೋನ್ ಮಾಡಿದ್ದಾರೆ. ಎಲ್ಲರೂ ತಣ್ಣಗಿನದ್ದೇ ಕೊಡುವುದು ಅಂದರಂತೆ. ನಮ್ಮ ಮನೆಗೂ ಬಂದಿತ್ತು. ಅಮ್ಮನೇ ಮಾತಾಡಿದ್ದು. ತಣಿಸಿಯೇ ಕೊಡುವುದು ಅಂದಳಂತೆ, ಇದನ್ನು ಕೇಳಲಿಕ್ಕೆ ಒಂದು ಫೋನಾ ಅಂತ ಅವಳಿಗೆ ಸಿಟ್ಟು. ನನಗೆ ನಿರಾಳ. ನಮ್ಮದಲ್ಲ.

ಮಾರ್ಚ್ 16, ಆದಿತ್ಯವಾರ

ನಮ್ಮದೇ.

ಬೆಳಿಗ್ಗೆ ಮಲಗಿದ್ದೆ. ಗ್ಯಾಸ್ ಮುಗಿಯಿತು, ಸಿಲಿಂಡರ್ ಬದಲಿಸಿ ಕೊಡು ಅಂತ ಅಮ್ಮ ಕರೆದಳು. ಕಣ್ಣುಜ್ಜಿಕೊಂಡು ಹೋಗಿ ರೆಗ್ಯುಲೇಟರ್ ಸಿಕ್ಕಿಸಿ ಎದ್ದೆ. ಒಲೆಯ ಮೇಲೆ ಸಣ್ಣ ಸ್ಟೀಲಿನ ಪಾತ್ರೆ. ತಳದಲ್ಲಿ ಎರಡು ಚಮಚ ಬೆಳ್ಳಗಿನ ನೀರು. ಪಕ್ಕದಲ್ಲಿ ಹರಿದ ಪ್ಯಾಕೆಟ್.

ಬೇಗ ಉರಿ ಹಚ್ಚು, ಕುದಿ ನಿಂತುಹೋಯಿತು ಅಂದಳು.

ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಪ್ಯಾಕೆಟ್ ಎತ್ತಿ ನೋಡಿದೆ. ಇದನ್ನು ಕುದಿಸುತ್ತೀಯಾ ಅಂದೆ. ದಿನಾ ಕುದಿಸುತ್ತಾಳಂತೆ. ಕಷಾಯದ ಹಾಗೆ, ಎರಡು ಉಕ್ಕು ಬರುವ ತನಕ. ಆಮೇಲೆ ಬೆರಳು ಅದ್ದಿ ನೋಡಿ, ತಣಿದ ಮೇಲೆ ಕೊಡುತ್ತಾಳೆ. ಸಿಸ್ಟರ್‌ಗೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಜೋರು ಮಾಡಿದೆ. ಮಾಡಬಾರದಿತ್ತು. ಅಮ್ಮ ಗಾಬರಿಯಾಗಲಿಲ್ಲ, ನನ್ನನ್ನೇ ದಡ್ಡಿಯ ಹಾಗೆ ನೋಡಿದಳು.

"ಜೀವ ಉಂಟು ಅಂತ ನೀನೇ ಅಲ್ವಾ ಹೇಳಿದ್ದು? ಕೋಟಿ ಕ್ರಿಮಿ ಉಂಟು ಅಂತ? ಏಳು ತಿಂಗಳಿಗೆ ಹುಟ್ಟಿದ ಬಾಲೆಗೆ ಹುಳವನ್ನು ಜೀವಂತ ಕುಡಿಸ್ಲಿಕ್ಕೆ ಆಗ್ತದಾ? ಹುಳ ಸಾಯ್ಲಿ ಅಂತಲೇ ಕುದಿಸುವುದು. ಮದ್ದಿನ ಗುಣ ಎಲ್ಲಿಗೆ ಹೋಗ್ತದೆ, ಅದರಲ್ಲೇ ಇರ್ತದೆ."

ಆ ಹುಳವೇ ಮದ್ದು ಅಂತ ಹೇಳಿದೆ. ಎಷ್ಟು ಸಲ ಹೇಳಿದೆನೋ. ಅಮ್ಮ ಉರಿ ಹಚ್ಚಿದಳು.

ಮಾರ್ಚ್ 18, ಮಂಗಳವಾರ

ನಿನ್ನೆ ಮೇಡಂಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಕುರ್ಚಿ ಎಳೆದು ಕೂರಿಸಿದರು. ಸ್ಟಡಿಯ ಚಿಂತೆ ಬಿಡು, ಮನೆಯಲ್ಲಿ ಸರಿಯಾಗಿ ಕೊಡಲು ಹೇಳು ಅಂದರು. ಆದರೆ ಕೊಟ್ಟರೆ ಮಗು ಗಟ್ಟಿಯಾಗಿಯೇ ಆಗುತ್ತದೆ ಅಂತ ಮಾತ್ರ ಮಾತು ಕೊಡಬೇಡ, ಅದು ನಮಗೂ ಗೊತ್ತಿಲ್ಲ ಅಂದರು.

ಮಾತು ಕೊಡಲಿಲ್ಲ. ಅದರ ಫಲ ಇವತ್ತು ಸಿಕ್ಕಿತು.

ತೃಷಾ ನೇರವಾಗಿ ಕೇಳಿದಳು. ಕುದಿಸದೆ ಕೊಟ್ಟರೆ ಬಾಲೆಗೆ ಏನೂ ಆಗುವುದಿಲ್ಲ ಅಂತ ಗ್ಯಾರಂಟಿಯಾ ಅಕ್ಕ? ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ ಅಂದೆ. ಕೆಲವು ಕಡೆ ಒಳ್ಳೆಯದಾಗಿದೆ, ಕೆಲವು ಕಡೆ ಏನೂ ವ್ಯತ್ಯಾಸ ಕಂಡಿಲ್ಲ. ನಾವು ನೋಡುತ್ತಿರುವುದು ಎಣಿಸುವುದು ಹೇಗೆ ಅಂತ ಮಾತ್ರ. ದೀಕ್ಷಿತ್ ವಿಡಿಯೋ ಕಾಲ್‌ನಲ್ಲಿದ್ದ. ಇಷ್ಟು ಓದಿದ ನಿಮಗೇ ಗೊತ್ತಿಲ್ಲದ್ದನ್ನು ನನ್ನ ಮಗಳಿಗೆ ಎಂತಕ್ಕೆ ಕೊಡುವುದು ಅಂದ. ಮರ್ಯಾದೆಯಿಂದಲೇ ಅಂದ. ಅಮ್ಮ ಎದ್ದು ಪ್ಯಾಕೆಟ್‌ಗಳನ್ನೆಲ್ಲ ಗೋದ್ರೇಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಪೌಡರೂ ಬೇಡ, ಸ್ಟಡಿಯೂ ಬೇಡ. ಮುಗಿಯಿತು. ಒಂದು ಸಣ್ಣ ಸುಳ್ಳು ಹೇಳಿದ್ದರೆ... ಹೌದು, ಗ್ಯಾರಂಟಿ ಅಂತ ಒಂದು ಮಾತು. ಬೇರೆಯವರು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ನನ್ನ ಬಾಯಿಗೆ ಬರಲಿಲ್ಲ.

ಮಾರ್ಚ್ 21, ಶುಕ್ರವಾರ

ಈ ವಾರ ಹದಿನಾಲ್ಕು ಬರಲಿಲ್ಲ. ರ್‍ಯಾಕ್‌ನಲ್ಲಿ ಹದಿಮೂರು, ಆಮೇಲೆ ಹದಿನೈದು. ರೂಬನ್ ಕ್ಯಾಂಟೀನಿನಿಂದ ನನಗೂ ಒಂದು ಗೋಳಿಬಜೆ ಪೊಟ್ಟಣ ತಂದಿಟ್ಟು ಹೋದ.

ಮನೆಯಲ್ಲಿ ಬಾಲೆ ನಕ್ಕಳಂತೆ. ಹೊಟ್ಟೆಯಲ್ಲಿ ಗ್ಯಾಸ್ ಇದ್ದರೂ ಮಕ್ಕಳು ಹಾಗೆ ಮಾಡುತ್ತವೆ ಅಂತ ಹೇಳಲು ಹೋಗಿ ಸುಮ್ಮನಾದೆ. ಇನ್ನು ಯಾರಿಗೂ ಏನೂ ಹೇಳುವುದು ಬೇಡ. ಬಾಲೆ ಚೆನ್ನಾಗಿಯೇ ಇದ್ದಾಳೆ. ನನ್ನದೇ ಅತಿ ಆಯಿತೇನೋ.

ಮಾರ್ಚ್ 30, ಆದಿತ್ಯವಾರ

ಬಾಲೆ ಬೆಳಿಗ್ಗೆಯಿಂದ ಹಾಲು ಕುಡಿಯಲಿಲ್ಲ. ಹನ್ನೊಂದಕ್ಕೆ ವಾಂತಿ, ಹಸಿರು. ಹೊಟ್ಟೆ ಊದಿ ಬಿಗಿಯಾಗಿತ್ತು. ಅಮ್ಮ ಇಂಗಿನ ನೀರು ಹಚ್ಚಲು ಹೊರಟಿದ್ದಳು. ನಾನು ಹೊಸ್ತಿಲು ದಾಟಿ, ಮೊದಲ ಸಲ, ಎತ್ತಿಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಕೈಯಲ್ಲಿ ಭಾರವೇ ಇರಲಿಲ್ಲ.

ರಿಕ್ಷಾದಲ್ಲಿ ಇಡೀ ದಾರಿ ತೃಷಾ ಅವಳ ಹೆಸರು ಕರೆಯುತ್ತಿದ್ದಳು. ಇನ್ನೂ ನಾಮಕರಣ ಆಗಿಲ್ಲ. ಮನಸ್ಸಿನಲ್ಲಿಟ್ಟುಕೊಂಡ ಹೆಸರು. ಇವತ್ತೇ ನನಗೆ ಗೊತ್ತಾದದ್ದು.

ಕರುಳಿಗೆ ಸೋಂಕು. ರಕ್ತಕ್ಕೂ ಇಳಿದಿರಬಹುದು ಅಂತ. ಮತ್ತೆ ಅದೇ ಗಾಜಿನ ಪೆಟ್ಟಿಗೆ.

ಏಪ್ರಿಲ್ 1, ಮಂಗಳವಾರ

ರಕ್ತದ ಕ್ರಿಮಿ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಬರುವುದೂ ನಮ್ಮ ಲ್ಯಾಬಿಗೇ. ಇದಕ್ಕೆ ಕೋಡ್ ಇಲ್ಲ. ದೊಡ್ಡ ಅಕ್ಷರದಲ್ಲಿ ಹೆಸರು — ಬೇಬಿ ಆಫ್ ತೃಷಾ.

ಲ್ಯಾಬಿನ ಇನ್‌ಕ್ಯುಬೇಟರ್ ಬಾಗಿಲು ತೆರೆದೆ. ಪ್ಲೇಟ್ ತುಂಬ ಬೆಳೆದಿತ್ತು. ದಪ್ಪ ದಪ್ಪ, ಲೋಳೆ ಲೋಳೆ. ಯಾವುದೆಂದು ಹೇಳಲು ಮೈಕ್ರೋಸ್ಕೋಪ್ ಬೇಡ, ಇಷ್ಟು ವರ್ಷ ನೋಡಿದ ಕಣ್ಣು. ಕ್ಲೆಬ್ಸಿಯೆಲ್ಲ. ಕೆಟ್ಟದ್ದು. ಎಷ್ಟು ಚೆನ್ನಾಗಿ ಬೆಳೆದಿದೆ ಅಂದರೆ, ವಿದ್ಯಾರ್ಥಿಗಳಿಗೆ ತೋರಿಸಲು ತೆಗೆದಿಡುತ್ತೇವಲ್ಲ, ಅಂಥ ಪ್ಲೇಟ್. ಹದಿನಾಲ್ಕರಲ್ಲಿ ಒಂದು ಚುಕ್ಕೆಗಾಗಿ ಎಷ್ಟು ಬೇಡಿಕೊಂಡಿದ್ದೆ.

ಮೇಡಂ ಬಂದು ನನ್ನ ಕೈಯಿಂದ ತೆಗೆದುಕೊಂಡರು. ನೀನು ಮೇಲೆ ಹೋಗು, ಇದನ್ನು ನಾನು ಮಾಡುತ್ತೇನೆ ಅಂದರು. ಮೇಲೆ ಹೋಗಿ ನಾನು ಏನು ಮಾಡುವುದು? ಅಲ್ಲಿ ನಾನು ಬರೀ ದೊಡ್ಡಮ್ಮ.

ಏಪ್ರಿಲ್ 2, ಬುಧವಾರ

ಆ್ಯಂಟಿಬಯಾಟಿಕ್ ಬದಲಾಯಿಸಿದ್ದಾರೆ. ಉಸಿರಾಟಕ್ಕೆ ಮೆಷಿನ್. ದೀಕ್ಷಿತ್‌ಗೆ ನಾಳೆಯ ಫ್ಲೈಟ್. ತೃಷಾ ಏನೂ ಕೇಳುವುದಿಲ್ಲ, ಅದೇ ತಡೆಯಲಾಗುವುದಿಲ್ಲ.

ಕೇಳಿದ್ದು ಅಮ್ಮ. ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದಳು, ಮುಖ ತಿರುಗಿಸದೆ.

"ಹೇಮಾ, ನಾನು ಕುದಿಸಿದ್ದಕ್ಕಾ ಇದು?"

"ಅಲ್ಲ," ಅಂದೆ. ಯೋಚಿಸಲೇ ಇಲ್ಲ. ಕೇಳಿದ ತಕ್ಷಣ.

ಅಮ್ಮ ಈಗ ನನ್ನ ಕಡೆ ತಿರುಗಿದಳು. ಆಮೇಲೆ ಅಂದಳು — "ಎಂತ ಕೇಳಿದ್ರೂ ಗೊತ್ತಿಲ್ಲ, ಗೊತ್ತಿಲ್ಲ ಅಂತಿದ್ದಿ. ಇವತ್ತು ಮಾತ್ರ ಹೇಗೆ ಗೊತ್ತಾಯ್ತು?"

ನಿಜವಾಗಿಯೂ ಗೊತ್ತಿಲ್ಲ. ಸರಿಯಾಗಿ ಕೊಟ್ಟ ಮಕ್ಕಳಿಗೂ ಹೀಗಾದದ್ದುಂಟು. ಕೊಡದೆಯೂ ಗಟ್ಟಿಯಾದ ಮಕ್ಕಳುಂಟು. ನನ್ನ ಪ್ಲೇಟೂ ಹೇಳುವುದಿಲ್ಲ, ರೂಬನ್‌ನ ಮೆಷಿನೂ ಹೇಳುವುದಿಲ್ಲ. ಎಷ್ಟು ಉಂಟು ಅಂತ ಹೇಳುತ್ತವೆ. ಯಾಕೆ ಅಂತ ಕೇಳಿದರೆ ಎರಡೂ ಮೂಕ. ಸತ್ಯ ಹೇಳಿದಾಗ ಪೌಡರಿಗೆ ಬೀಗ ಬಿತ್ತು, ಸುಳ್ಳು ಹೇಳಿದರೆ ಅಮ್ಮ ನಂಬುವುದಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ.

ಏಪ್ರಿಲ್ 4, ಶುಕ್ರವಾರ, ಮಧ್ಯಾಹ್ನ

ಎನ್‌ಐಸಿಯು ಹೊರಗಿನ ಬೆಂಚಿನಲ್ಲೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಬಾಲೆ ಹಾಗೆಯೇ ಇದ್ದಾಳೆ. ಮೇಲೂ ಇಲ್ಲ, ಕೆಳಗೂ ಇಲ್ಲ. ದೀಕ್ಷಿತ್ ಬಂದು ಗಾಜಿನ ಹತ್ತಿರ ನಿಂತವನು ಈಚೆಗೆ ಬಂದೇ ಇಲ್ಲ.

ಅಮ್ಮ ಬೆಳಿಗ್ಗೆ ಮನೆಗೆ ಹೋಗಿದ್ದಳು. ಸ್ನಾನ ಮಾಡಿ ಬರಲು ಅಂದುಕೊಂಡೆ. ಹನ್ನೆರಡರ ಹೊತ್ತಿಗೆ ವಾಪಸ್, ಬೆವರು ಸುರಿಯುತ್ತಿತ್ತು. ಸೆರಗಿನ ಒಳಗಿನಿಂದ ಪ್ಲಾಸ್ಟಿಕ್ ತೊಟ್ಟೆ ತೆಗೆದಳು. ಬೀಗ ಹಾಕಿಟ್ಟಿದ್ದ ಪೌಡರ್ ಪ್ಯಾಕೆಟ್‌ಗಳು, ಎಲ್ಲವೂ. ನೇರ ಎನ್‌ಐಸಿಯು ಬಾಗಿಲಿಗೆ ಹೋಗಿ, ಹೊರಗೆ ಬಂದ ಸಿಸ್ಟರ್ ಮುಂದೆ ಹಿಡಿದಳು. ಮನೆಯಲ್ಲಿ ನಾವು ತುಳು, ಹೊರಗಿನವರ ಹತ್ತಿರ ಕನ್ನಡ ಮಾತಾಡುವಾಗ ಅಮ್ಮನಿಗೆ ಯಾವಾಗಲೂ ಸಂಕೋಚ. ಇವತ್ತು ಇರಲಿಲ್ಲ.

"ಇದನ್ನು ಕೊಡಿ ಸಿಸ್ಟರ್. ಕುದಿಸ್ಬೇಡಿ. ಜೀವ ಇರುವುದನ್ನೇ ಕೊಡಿ."

ಸಿಸ್ಟರ್ ನನ್ನ ಕಡೆ ನೋಡಿದರು. ಹೇಳಬೇಕಾದದ್ದು ನಾನೇ. ಅಮ್ಮನನ್ನು ಬೆಂಚಿಗೆ ಕರೆತಂದೆ. ಬಾಯಿಗೆ ಏನೂ ಕೊಡುವ ಹಾಗಿಲ್ಲ ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಒಂದೇ ಒಂದು ಸಣ್ಣ ಚಿಟಿಕೆ ಅಂತ ಅಂಗಲಾಚಿದಳು. ಆಗ ಹೇಳಲೇಬೇಕಾಯಿತು. ಈಗ ಕರುಳೇ ಬಾತು ಹಣ್ಣಾಗಿದೆ. ಹೀಗಿರುವಾಗ ಒಳ್ಳೆಯ ಬ್ಯಾಕ್ಟೀರಿಯ ಕೂಡ ರಕ್ತಕ್ಕೆ ಇಳಿಯಬಹುದು. ಜೀವ ಇರುವುದನ್ನು ಕೊಟ್ಟರೆ ಈಗ ಅದೇ ಅಪಾಯ.

ಅಮ್ಮ ಪ್ಯಾಕೆಟ್‌ಗಳನ್ನು ಮಡಿಲಿನಲ್ಲಿಟ್ಟುಕೊಂಡು ಕೂತಳು. ನನ್ನನ್ನು ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಒಳ್ಳೆಯದಿತ್ತು.

"ಆವಾಗ ಕೊಂದು ಕೊಟ್ಟದ್ದು ತಪ್ಪು. ಈವಾಗ ಜೀವ ಇರುವುದನ್ನು ಕೊಡುವುದೂ ತಪ್ಪು. ಹಾಗಾದ್ರೆ ನಾನು ಎಂತ ಮಾಡ್ಬೇಕಿತ್ತು, ಹೇಮಾ?"

ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಹಾಗೆಯೇ ಕೂತಿದ್ದೇವೆ, ಈಗಲೂ. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಬಾಗಿಲು ತೆರೆಯಿತು. ಬೇಬಿ ಆಫ್ ತೃಷಾ ಕಡೆಯವರು ಯಾರು ಅಂತ ಕೇಳುತ್ತಿದ್ದಾರೆ. ನಾವೇ ಅಂತ ಅವರಿಗೆ ಗೊತ್ತಿದೆ, ಆದರೂ ಕೇಳುತ್ತಿದ್ದಾರೆ. ಅಮ್ಮ ಎದ್ದು ನಿಂತಳು, ಪ್ಯಾಕೆಟ್‌ಗಳೆಲ್ಲ ನೆಲಕ್ಕೆ. ಡಾಕ್ಟರ್ ಮಾಸ್ಕ್ ತೆಗೆಯುತ್ತಾ ನಮ್ಮ ಕಡೆ ಬರುತ್ತಿದ್ದಾರೆ. ಪೆನ್ ಮುಚ್ಚುತ್ತೇನೆ.